ವಂಶದ ಜಾಡಿಗೆ ಅಡ್ಡಹೆಸರೊಂದೇ ಸಾಲದು

ಮಾನ್ಯರೇ,

ಡಿಎನ್‌ಎ ಪರೀಕ್ಷೆಯಿಂದ ವಂಶದ ಮೂಲ ತಿಳಿಯುತ್ತದೆಂಬ ಜಾಹೀರಾತು ನೋಡಿ ಹಣ ತೆರುವ ಮುನ್ನ ಕರಾವಳಿಯವರು ಒಂದು ಸಂಗತಿಯನ್ನು ಗಮನಿಸಬೇಕು. ವೈ ವರ್ಣತಂತು ತಂದೆಯಿಂದ ಮಗನಿಗಷ್ಟೇ ಸಾಗುತ್ತದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕುಟುಂಬಗಳಲ್ಲಾದರೋ ‘ಬಳಿ’, ಅಂದರೆ ಕುಲದ ಕವಲು, ಬರುವುದು ತಾಯಿಯಿಂದ. ಹೀಗಾಗಿ ಬಳಿಯ ಜಾಡಿಗೆ ಹತ್ತಿರವಾದುದು, ತಾಯಿಯಿಂದ ಮಕ್ಕಳಿಗೆ ಬಂದು ಹೆಣ್ಣುಮಕ್ಕಳ ಮೂಲಕವೇ ಮುಂದುವರಿಯುವ ಮೈಟೊಕಾಂಡ್ರಿಯಾದ ಡಿಎನ್‌ಎ. ‘ಶೆಟ್ಟಿ’ ಎಂಬ ಅಡ್ಡಹೆಸರಂತೂ ಬಂಟರಲ್ಲೂ ವರ್ತಕ ಸಮುದಾಯಗಳಲ್ಲೂ ಇರುವುದರಿಂದ, ಅದೊಂದನ್ನೇ ಹಿಡಿದು ನಂಟಸ್ತಿಕೆ ಹೇಳಲಾಗದು.

ನನ್ನ ಮಟ್ಟಿಗೆ ಪ್ರಯೋಗಾಲಯದ ವರದಿಗಿಂತ ಬೆಲೆಯುಳ್ಳದ್ದು, ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನೊಂದಿಗೆ ಬಂದು, ಮನೆಯ ಮುಂದೆ ನಿಂತು ಮನೆತನದ ತಲೆಮಾರುಗಳನ್ನು ಹೆಸರು ಹಿಡಿದು ಹೇಳುವ ಹೆಳವರ ಹೊತ್ತಗೆ. ಅವರ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು, ಆ ಹೊತ್ತಗೆಗಳನ್ನು ಡಿಜಿಟಲೀಕರಿಸುವ ಕೆಲಸವನ್ನು ರಾಜ್ಯ ಪತ್ರಾಗಾರ ಇಲಾಖೆ ಕೈಗೆತ್ತಿಕೊಳ್ಳಲಿ.

– ಓದುಗ, ಉಡುಪಿ