ವೀಸಾಕ್ಕೆ ಸಾಕಾದ ವಿಮೆ ದೋಣಿಗೆ ಸಾಲಲಿಲ್ಲ

ಸಂಪಾದಕರಿಗೆ ನಮಸ್ಕಾರ.

ವೆನಿಸ್‌ನಲ್ಲಿ ನಾನು ಹತ್ತು ನಿಮಿಷ ಮೊದಲೇ, ದೋಣಿಯಲ್ಲಿ ಇರುವಾಗಲೇ ಬಿದ್ದಿದ್ದರೆ ನನಗೆ ವಿಮೆಯ ಒಂದು ಪೈಸೆಯೂ ಸಿಗುತ್ತಿರಲಿಲ್ಲ. ಹೊರದೇಶಕ್ಕೆ ಹೋಗಿ ದೋಣಿ ನಡೆಸಬೇಕು ಅಂತ ಆಸೆ ಇರುವವರಿಗೆ ಇದನ್ನು ಹೇಳಲೇಬೇಕು ಅನಿಸಿತು. ಅದಕ್ಕೆ ಈ ಪತ್ರ.

ನಾನು ಸ್ವರ್ಣಾ ನದಿಯ ಕುದ್ರುವಿನಲ್ಲಿ, ಅಂದರೆ ನದಿ ನಡುವಿನ ದ್ವೀಪದಲ್ಲಿ ಹುಟ್ಟಿ ಬೆಳೆದವಳು. ಆಗ ಶಾಲೆಗೆ ಹೋಗಬೇಕಾದರೂ ದೋಣಿಯೇ. ಹತ್ತನೇ ವಯಸ್ಸಿಗೆ ಹುಟ್ಟು ಹಿಡಿದ ಕೈ ಇದು. ಈಗ ನನಗೆ 61. ಮಗ ಮ್ಯೂನಿಕ್‌ನಲ್ಲಿದ್ದಾನೆ, ಅಲ್ಲಿನ ಒಂದು ರೋಯಿಂಗ್ ಕ್ಲಬ್ಬಿನ ಸದಸ್ಯ. ಜರ್ಮನಿಯಲ್ಲಿ 'ವಾಂಡರ್‌ರೂಡರ್ನ್' ಅಂತ ಒಂದು ರೂಢಿ ಇದೆ. ನಾಲ್ಕೈದು ಜನ ಒಂದು ದೋಣಿಯಲ್ಲಿ ಕೂತು, ನದಿ ಹಿಡಿದು ದಿನಗಟ್ಟಲೆ ಹುಟ್ಟು ಹಾಕುತ್ತಾ ಹೋಗುವುದು. ಸ್ಪರ್ಧೆ ಇಲ್ಲ, ಗಡಿಬಿಡಿ ಇಲ್ಲ. ಕಳೆದ ವರ್ಷ ಅವರ ಗುಂಪು ದೋಣಿಗಳನ್ನು ಟ್ರೇಲರಿಗೆ ಕಟ್ಟಿಕೊಂಡು ಆಲ್ಪ್ಸ್ ದಾಟಿ ಇಟಲಿಯ ವೆನಿಸ್‌ಗೆ ಹೊರಟಿತು. ನನ್ನನ್ನೂ ಕರೆದರು.

ವೆನಿಸ್‌ನಲ್ಲಿ 'ವೊಗಲೊಂಗ' ನಡೆಯುತ್ತದೆ. ಮೋಟಾರ್ ಬೋಟುಗಳು ಎಬ್ಬಿಸುವ ಅಲೆಗೆ ಊರಿನ ಹಳೇ ಗೋಡೆಗಳು ಹಾಳಾಗುತ್ತಿವೆ ಅಂತ ಅಲ್ಲಿಯ ಜನ 1975ರಲ್ಲಿ ಹುಟ್ಟು ಹಾಕಿಯೇ ಪ್ರತಿಭಟಿಸಿದರು. ಅದೇ ಮುಂದೆ ವರ್ಷ ವರ್ಷದ ಹಬ್ಬವಾಯಿತು. ಹಿನ್ನೀರಿನಲ್ಲಿ ಸುಮಾರು 30 ಕಿಲೋಮೀಟರ್ ದಾರಿ. ಬುರಾನೊ, ಮುರಾನೊ ದ್ವೀಪಗಳನ್ನು ದಾಟಿ ಮತ್ತೆ ಊರೊಳಗೆ ಬರಬೇಕು. ಯಾರು ಮೊದಲು, ಯಾರು ಕೊನೆ ಅಂತ ಲೆಕ್ಕ ಇಲ್ಲ. ಮೂರು ಕಮಾನಿನ ಟ್ರೆ ಆರ್ಕಿ ಸೇತುವೆಯ ಹತ್ತಿರ ದೋಣಿಗಳೆಲ್ಲ ಒತ್ತೊತ್ತಾಗಿ ಸಿಕ್ಕಿಕೊಂಡಾಗ ನನಗೆ ನಮ್ಮೂರ ಜಾತ್ರೆಯೇ ನೆನಪಾಯಿತು. ನಾವು ಮುಂದೆ ನೋಡಿಕೊಂಡು ಹುಟ್ಟು ಹಾಕುವವರು. ಮಗನ ಕ್ಲಬ್ಬಿನವರದು ಹೋಗುವ ದಿಕ್ಕಿಗೆ ಬೆನ್ನು. ಅದು ಅಭ್ಯಾಸವಾಗಲು ನನಗೆ ಎರಡು ದಿನ ಬೇಕಾಯಿತು. ಆ ದಿನದ ಖುಷಿಯನ್ನು ಎಷ್ಟು ಹೇಳಿದರೂ ಕಡಿಮೆಯೇ.

ಎಲ್ಲ ಮುಗಿಸಿ ದೋಣಿ ಕಟ್ಟಿ ಆಗಿತ್ತು. ಕಾಲುವೆಯ ಮೆಟ್ಟಿಲು ಪಾಚಿ ಹಿಡಿದಿತ್ತು. ಕಾಲು ಜಾರಿ ಬಿದ್ದೆ. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಎಕ್ಸ್‌ರೇ, ಪ್ಲಾಸ್ಟರ್, ಔಷಧಿ ಎಲ್ಲ ಸೇರಿ 640 ಯೂರೊ ಆಯಿತು. ವಿಮೆ ಇದೆಯಲ್ಲ ಅಂತ ಧೈರ್ಯವಾಗಿದ್ದೆ.

ಊರಿಗೆ ಬಂದು ಕ್ಲೇಮು ಹಾಕಿದರೆ ಎರಡು ಸಾಲಿನ ಉತ್ತರ ಬಂತು. ರೋಯಿಂಗ್ ಸಾಹಸ ಕ್ರೀಡೆ, ಅದಕ್ಕೆ ಪಾಲಿಸಿಯಲ್ಲಿ ರಕ್ಷಣೆ ಇಲ್ಲ ಅಂತ. ಹೊರಡುವ ಮೊದಲೇ ನಾನು ಏಜೆಂಟರನ್ನು ಕೇಳಿದ್ದೆ. "ಬೋಟಿಂಗ್ ತಾನೇ ಮೇಡಂ, ಏನೂ ತೊಂದರೆ ಇಲ್ಲ" ಅಂದಿದ್ದರು. ಅದು ಫೋನಿನ ಮಾತು, ಬರಹದಲ್ಲಿ ಇಲ್ಲ. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ದೋಣಿಯಲ್ಲಿ ಸುಮ್ನೆ ಕೂತು ಸುತ್ತುವುದನ್ನೇ ಅವರು ಬೋಟಿಂಗ್ ಅಂದುಕೊಂಡಿರಬೇಕು.

ಪಾಲಿಸಿಯ ಪುಸ್ತಕವನ್ನು ಆಮೇಲೆ ಪೂರ್ತಿ ಓದಿದೆ. ರಬ್ಬರ್ ದೋಣಿಯ ರಾಫ್ಟಿಂಗ್, ಜೆಟ್ ಸ್ಕೀ, ಸ್ಕೂಬಾ, ಎಲ್ಲವೂ 'ಜಲಕ್ರೀಡೆ' ಅನ್ನುವ ಒಂದೇ ಪದದಲ್ಲಿ. ದಾಂಡೇಲಿಯ ಕಾಳಿ ನದಿಯಲ್ಲಿ ಬಂಡೆಗಳ ನಡುವೆ ಧುಮುಕುವುದೂ ನಿಂತ ನೀರಿನಲ್ಲಿ ನಿಧಾನಕ್ಕೆ ಹುಟ್ಟು ಹಾಕುವುದೂ ಒಂದೇ ಅಲ್ಲ ಅಲ್ವಾ? ಇನ್ನೊಂದು ಕಡೆ ಬೇರೆಯವರ ಸೊತ್ತಿಗೆ ಹಾನಿಯಾದರೆ ಹಣ ಕೊಡುತ್ತೇವೆ ಅಂತ ಇದೆ. ಆದರೆ ದೋಣಿಯಿಂದ ಆದ ಹಾನಿಗೆ ಇಲ್ಲವಂತೆ. ಒಳ್ಳೆಯ ರೋಯಿಂಗ್ ದೋಣಿಗೆ ಕಾರಿನಷ್ಟು ಬೆಲೆ. ಮಗನ ಕ್ಲಬ್ಬಿನ ವಿಮೆ ಅದರ ಸದಸ್ಯರಿಗೆ ಮಾತ್ರ. ನಾನು ಅತಿಥಿ. ಸೇತುವೆಯ ಕಂಬಕ್ಕೆ ನನ್ನ ಹುಟ್ಟು ತಾಗಿ ದೋಣಿಗೆ ಏನಾದರೂ ಆಗಿದ್ದರೆ ಏನು ಮಾಡುತ್ತಿದ್ದೆನೋ.

ಯುರೋಪಿನ ಬಹಳಷ್ಟು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕು. ಆ ಸರ್ಟಿಫಿಕೇಟ್ ನೋಡಿ ವೀಸಾ ಕೊಡುತ್ತಾರೆ. ನಾವು ಅಲ್ಲಿ ಏನು ಮಾಡಲು ಹೋಗುತ್ತಿದ್ದೇವೆ, ಅದಕ್ಕೆ ಈ ವಿಮೆ ಆಗುತ್ತದಾ ಅಂತ ಯಾರೂ ನೋಡುವುದಿಲ್ಲ. ನಾನು ಮೋಸ ಹೋದದ್ದು ಅಲ್ಲೇ. ವೀಸಾ ಸಿಕ್ಕಿತು, ಎಲ್ಲ ಸರಿ ಇದೆ ಅಂದುಕೊಂಡೆ.

ನಾನು ಬಿಡಲಿಲ್ಲ. ದೋಣಿ ಕಟ್ಟಿ ಆದ ಮೇಲೆ ದಡದ ಮೆಟ್ಟಿಲಲ್ಲಿ ಬಿದ್ದದ್ದು ಅಂತ ಫೋಟೊ, ಕ್ಲಬ್ಬಿನವರ ಪತ್ರ ಸೇರಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಮೂರು ತಿಂಗಳ ಮೇಲೆ ಹಣ ಬಂತು. ಬರದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ) ಕಚೇರಿಗೆ ಬರೆಯುವವಳಿದ್ದೆ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾದ ಮೇಲೆ ಅಲ್ಲಿಗೆ ಹೋಗಬಹುದು. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಆದರೆ ಅದೇ ಕೈ ದೋಣಿಯಲ್ಲಿ ಮುರಿದಿದ್ದರೆ? ವಿಮಾ ಕಂಪನಿಗಳಿಗೆ ನನ್ನ ಕೋರಿಕೆ ಇಷ್ಟೇ. ರೋಯಿಂಗ್, ಕಯಾಕ್, ರಾಫ್ಟಿಂಗ್ ಒಂದೊಂದನ್ನೂ ಹೆಸರು ಹಿಡಿದು, ಇದಕ್ಕೆ ಉಂಟು, ಇದಕ್ಕೆ ಇಲ್ಲ ಅಂತ ಹಣ ಕಟ್ಟಿಸಿಕೊಳ್ಳುವ ಮೊದಲೇ ಹೇಳಿ. ನದಿಯಾ, ಸಮುದ್ರವಾ, ದಡದಿಂದ ಎಷ್ಟು ದೂರ ಅನ್ನುವುದನ್ನೂ ಹೇಳಿ. ಜಾಸ್ತಿ ಪ್ರೀಮಿಯಂ ಬೇಕಾದರೆ ಕೇಳಿ, ಕೊಡುತ್ತೇವೆ. ಆರೋಗ್ಯ ವಿಮೆಯಲ್ಲಿ 2024ರ ಜನವರಿ 1ರಿಂದ ಸರಳ ಮಾತಿನ ಮಾಹಿತಿ ಹಾಳೆ ಕೊಡಬೇಕು, ಕೇಳಿದರೆ ನಮ್ಮ ಭಾಷೆಯಲ್ಲೇ ಕೊಡಬೇಕು ಅಂತ ನಿಯಮ ಇದೆ. ಪ್ರವಾಸ ವಿಮೆ ಮಾಡಿಸಿದ ನನಗೆ ಅಂಥ ಹಾಳೆ ಯಾರೂ ಕೊಡಲಿಲ್ಲ. ಕನ್ನಡದಲ್ಲಿ ಒಂದು ಪುಟ ಇದ್ದಿದ್ದರೆ ಹೊರಡುವ ಮೊದಲೇ ನಾನು ಓದಿರುತ್ತಿದ್ದೆ.

ಮುಂದಿನ ವರ್ಷ ನನ್ನ ನಾದಿನಿಯೂ ಬರುತ್ತೇನೆ ಅಂದಿದ್ದಾಳೆ. ಈ ಸಲ ಫೋನು ಮಾಡಲಿಲ್ಲ. ಯಾವ ದೋಣಿ, ಎಂಥ ನೀರು, ಎಷ್ಟು ದಿನ ಅಂತ ಬಿಡಿಸಿ ಮೂರು ಕಂಪನಿಗಳಿಗೆ ಇಮೇಲ್ ಮಾಡಿದ್ದೇನೆ. ಒಂದು ಕಂಪನಿ ಸ್ಪಷ್ಟವಾಗಿ ಉತ್ತರ ಕೊಟ್ಟಿದೆ. ಉಳಿದ ಎರಡರ ಉತ್ತರಕ್ಕೆ ಕಾಯುತ್ತಿದ್ದೇನೆ.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಕೆಮ್ಮಣ್ಣು, ಉಡುಪಿ ಜಿಲ್ಲೆ