ಮೂರಾಯ್ತು ಅಣ್ಣ

ಎಲ್ಲರಿಗೂ ನಮಸ್ಕಾರ. ಮನಸ್ಸಿನ ಕಾಯಿಲೆಗೆ ತೆಗೆದುಕೊಳ್ಳುತ್ತಿದ್ದ ನನ್ನ ಮಾತ್ರೆ ನಿಂತು ಮೊನ್ನೆಗೆ ಆರು ತಿಂಗಳಾಯ್ತು. ನಾನೇ ನಿಲ್ಲಿಸಿದ್ದಲ್ಲ, ಡಾಕ್ಟರು ನಿಲ್ಲಿಸಿದ್ದು. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಮುಂದೆ ಹೇಳುತ್ತೇನೆ.

ಅರಸೀಕೆರೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು ಹೊಡೆಯುತ್ತೇವೆ. 2023ರಲ್ಲಿ ಒಂದು ಮದುವೆ ಕಾರ್ಡು ತಪ್ಪಾಯಿತು. ಬೇರೆ ಕಲ್ಯಾಣ ಮಂಟಪದ ಇನ್ನೊಂದು ಮದುವೆಯ ಫೈಲ್ ತೆಗೆದು ಹೆಸರುಗಳನ್ನು, ಮಂಟಪವನ್ನು ಬದಲಿಸಿದ್ದೆ. ದಿನದ ಸಾಲು ಹಳೆಯದೇ ಉಳಿದುಬಿಟ್ಟಿತು. ಅವಸರ ಅಂತ ಎರಡನೇ ಪ್ರೂಫ್, ಅಂದರೆ ತಪ್ಪು ನೋಡಲು ತೆಗೆಯುವ ಮಾದರಿ ಹಾಳೆ, ತೋರಿಸಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಮುನ್ನೂರು ಕಾರ್ಡು ಹಂಚಿಯಾಗಿತ್ತು. ಮನೆಯವರು ಫೋನ್ ಮಾಡಿ ಮಾಡಿ ತಿಳಿಸಿದರು. ಆದರೂ ಒಂದು ಮುದಿ ಜೋಡಿ ಮದುವೆಯ ಮಾರನೇ ದಿನ, ಉಡುಗೊರೆ ಪಾತ್ರೆ ಹಿಡಿದು, ಖಾಲಿ ಮಂಟಪಕ್ಕೆ ಬಂದಿತ್ತಂತೆ.

ಅಲ್ಲಿಂದ ಶುರು. ಪ್ರೂಫ್ ಇಪ್ಪತ್ತು ಸಲ ನೋಡುವುದು. ಬೀಗ ಹಾಕಿ ಮನೆಗೆ ಹೋಗಿ, ವಾಪಸ್ ಬಂದು ಮತ್ತೆ ಪ್ರಿಂಟಿಂಗ್ ಪ್ಲೇಟ್ ನೋಡುವುದು. ಎದೆ ಡವಡವ, ಕೈ ತಣ್ಣಗೆ. ಮೊದಲು ಗ್ಯಾಸ್ಟ್ರಿಕ್ ಅಂದರು. ಹಾಸನದಲ್ಲಿ ಎರಡು ಸಲ ಇಸಿಜಿ ಆಯ್ತು, ಎರಡೂ ನಾರ್ಮಲ್. ಆಮೇಲೆ ಹೆದರಿಕೆಯೂ ಹೋಯ್ತು, ಏನೂ ಬೇಡ ಅನ್ನಿಸತೊಡಗಿತು. ಸ್ನಾನವೂ ಬೇಡ. ರಾತ್ರಿ ಜಂಕ್ಷನ್ನಿಗೆ ಬರುವ ರೈಲು ಎಣಿಸುತ್ತಾ ಮಲಗಿರುತ್ತಿದ್ದೆ. 'ನಿನಗೇನು ಕಮ್ಮಿ, ಧೈರ್ಯ ತಂದ್ಕೋ' ಅಂದವರು ಬಹಳ ಜನ. ಎಲ್ಲಿಂದ ತರುವುದು ಅಂತ ಮಾತ್ರ ಯಾರೂ ಹೇಳಲಿಲ್ಲ. ಅವರ ಮೇಲೆ ಸಿಟ್ಟಿಲ್ಲ, ನಾನೂ ಎಷ್ಟೋ ಜನಕ್ಕೆ ಹಾಗೇ ಅಂದಿದ್ದೇನೆ.

ಮೊದಲ ನಮಸ್ಕಾರ ನನ್ನ ಹೆಂಡತಿಗೆ. ಒಂದು ರಾತ್ರಿ ಎರಡೂವರೆಗೆ ಅವಳು ಏನೂ ಕೇಳದೆ 14416ಕ್ಕೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದಳು. ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ನಿದ್ದೆ, ಊಟ ವಿಚಾರಿಸಿದರು. ಆಮೇಲೆ ನೇರವಾಗಿ, 'ಸಾಯಬೇಕು ಅನ್ನಿಸುತ್ತಾ ಸರ್?' ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಹೂಂ ಅಂದೆ. ಪಕ್ಕದಲ್ಲೇ ಕೂತಿದ್ದ ಹೆಂಡತಿಗೂ ಅವತ್ತೇ ಗೊತ್ತಾಗಿದ್ದು. ಅವರು ಗಾಬರಿ ಆಗಲಿಲ್ಲ, ಬುದ್ಧಿ ಹೇಳಲಿಲ್ಲ, ಫೋನೂ ಇಡಲಿಲ್ಲ. ತಾಯಿ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮಗೆ ಒಳ್ಳೆಯದಾಗಲಿ.

ಅವರು ಹೇಳಿದಂತೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಹೋದೆ. ಹುಚ್ಚಿನ ಡಾಕ್ಟರ ಹತ್ತಿರ ಹೋದ ಅಂತಾರೆ ಅಂತ ಮಾಸ್ಕ್ ಹಾಕಿಕೊಂಡಿದ್ದೆ. ಅಲ್ಲಿ ನೋಡಿದರೆ ನನ್ನ ಇಬ್ಬರು ಗಿರಾಕಿಗಳು ಕೂತಿದ್ದರು, ಅವರೂ ಮಾಸ್ಕ್ ಹಾಕಿಕೊಂಡು. ಡಾಕ್ಟರ್ ಮೇಡಂ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. 'ನಾಯಿ ಅಟ್ಟಿಸಿಕೊಂಡು ಬಂದಾಗ ಮೈ ಏನು ಮಾಡುತ್ತೋ, ನಿಮ್ಮ ಮೈ ಸುಮ್ನೆ ಕೂತಾಗಲೂ ಅದನ್ನೇ ಮಾಡ್ತಿದೆ' ಅಂದರು. ಮಾತ್ರೆ ಕೆಲಸ ಶುರು ಮಾಡಲು ಎರಡು ಮೂರು ವಾರ ಬೇಕು, ಚೆನ್ನಾಗಾಯ್ತು ಅಂತ ನೀವೇ ಬಿಡಬೇಡಿ ಅಂತಲೂ ಹೇಳಿದ್ದರು. ಮೊದಲ ವಾರ ಹೊಟ್ಟೆ ತೊಳಸಿತು. ತಿಂಗಳಲ್ಲಿ ನಿದ್ದೆ ಬಂತು. ಮೂರನೇ ತಿಂಗಳು ನಾನೇ ಬಿಟ್ಟೆ! ತಲೆ ತಿರುಗಿ, ಎದೆ ಬಡಿತ ಮತ್ತೆ ವಾಪಸ್. ತಲೆ ತಗ್ಗಿಸಿಕೊಂಡು ಹೋದಾಗ ಮೇಡಂ ಬೈಯಲಿಲ್ಲ. 'ಜಾಸ್ತಿ ಜನ ಹೀಗೇ ಮಾಡ್ತಾರೆ, ಬನ್ನಿ' ಅಂದರು. ಆಮೇಲೆ ಸಾಕಷ್ಟು ಕಾಲ ತೆಗೆದುಕೊಂಡ ಮೇಲೆ, ಅವರೇ ಕಾಲು, ಅರ್ಧ ಅಂತ ಇಳಿಸಿಕೊಂಡು ಬಂದು ನಿಲ್ಲಿಸಿದರು.

ಮೇಡಂ ಇನ್ನೊಂದು ಕೆಲಸ ಕೊಟ್ಟಿದ್ದರು. ಪ್ರೂಫ್ ಮೂರೇ ಸಲ ನೋಡಬೇಕು. ಎದೆ ಎಷ್ಟೇ ಹೊಡೆದುಕೊಳ್ಳಲಿ, ನಾಲ್ಕನೇ ಸಲ ಮುಟ್ಟಬಾರದು. ಇದನ್ನು ಕಾಯುವ ಕೆಲಸಕ್ಕೆ ನಿಂತವನು ನಮ್ಮ ಮಷಿನ್ ಹುಡುಗ. ಮೊದಲ ಸಲ ಹೆಸರು, ಎರಡನೇ ಸಲ ದಿನ ಮತ್ತು ಮುಹೂರ್ತ, ಮೂರನೇ ಸಲ ಕೆಳಗಿನಿಂದ ಮೇಲಕ್ಕೆ. ಅಷ್ಟಾದ ಕೂಡಲೇ ಅವನು ನನ್ನ ಕೈಯಿಂದ ಹಾಳೆ ಎಳೆದುಕೊಂಡು 'ಮೂರಾಯ್ತು ಅಣ್ಣ' ಅಂತ ಮಷಿನ್ ಆನ್ ಮಾಡುತ್ತಿದ್ದ. ಮೊದಮೊದಲು ಆ ಸದ್ದಿಗೆ ನನ್ನ ಬೆನ್ನು ಬೆವರುತ್ತಿತ್ತು. ಹೊರಗೆ ಹೋಗಿ ನಿಲ್ಲುತ್ತಿದ್ದೆ. ಐನೂರು ಕಾರ್ಡು ಮುಗಿಯುವವರೆಗೆ ಒಳಗೆ ಬರಲು ಅವನು ಬಿಡುತ್ತಿರಲಿಲ್ಲ. ಒಂದು ದಿನವೂ 'ಯಾಕಣ್ಣ ಹೀಗೆ' ಅಂತ ಕೇಳಲಿಲ್ಲ. ಎರಡು ತಿಂಗಳು ಸಂಬಳ ತಡವಾಗಿದ್ದನ್ನೂ ಎತ್ತಲಿಲ್ಲ. ಈಗ ಕೊಟ್ಟಿದ್ದೇನೆ, ಓದಿದವರು ಬೈಯಬೇಡಿ.

ಆ ತಪ್ಪು ಕಾರ್ಡಿನ ಹುಡುಗಿಯ ತಂದೆಗೂ ನಮಸ್ಕಾರ. ಹೋದ ತಿಂಗಳು ಮೊಮ್ಮಗಳ ನಾಮಕರಣಕ್ಕೆ ಇನ್ನೂರು ಕಾರ್ಡು ಕೇಳಿಕೊಂಡು ಬಂದರು. 'ಈ ಸಲ ದಿನ ನಾನೂ ನೋಡ್ತೀನಿ ಕಣಯ್ಯ' ಅಂದು ಕನ್ನಡಕ ಹಾಕಿಕೊಂಡರು. ಇಬ್ಬರೂ ನಕ್ಕೆವು.

ಎಲ್ಲಾ ಸರಿಹೋಯ್ತು ಅಂತಲ್ಲ. ಮದುವೆ ಸೀಸನ್ನಿನಲ್ಲಿ ಈಗಲೂ ಕೈ ತಣ್ಣಗಾಗುತ್ತದೆ. ಸಂಜೆ ಆರಕ್ಕೆ, ಕಟಿಂಗ್‌ನಲ್ಲಿ ಉಳಿದ ಕಾಗದದ ಪಟ್ಟಿಗಳ ಮೇಲೆ ಅವತ್ತಿನ ಚಿಂತೆಗಳನ್ನು ಬರೆದು, ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರಿನಲ್ಲಿ ಇಡುತ್ತೇನೆ. ಆಮೇಲೆ ಸ್ಟೇಷನ್ನಿನವರೆಗೆ ನಡೆದು ಬರುತ್ತೇನೆ.

ಮಂಗಳವಾರ ಬೆಳಿಗ್ಗೆ ಪ್ರೆಸ್ಸನ್ನು ಹುಡುಗನೇ ನೋಡಿಕೊಳ್ಳುತ್ತಾನೆ. ಊರಿನವರು ಯಾರಿಗಾದರೂ ಆ ಕ್ಲಿನಿಕ್ಕಿಗೆ ಒಬ್ಬರೇ ಹೋಗಲು ಸಂಕೋಚ ಆದರೆ ನನಗೆ ಹೇಳಿ, ಜೊತೆಗೆ ಬಂದು ಕೂರುತ್ತೇನೆ. ಆಧಾರ್ ಕಾರ್ಡ್ ತನ್ನಿ. ಚೀಟಿ ಮಾಡಿಸುವ ಕ್ಯೂ ಉದ್ದ ಇರುತ್ತೆ, ಬೇಗ ಬನ್ನಿ.