ಈ ಭಾನುವಾರ ಅಪ್ಪು ಘರ್

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ತುಮಕೂರಿನ ಅಮಾನಿಕೆರೆ ಪಾರ್ಕ್‌ನಲ್ಲಿ ಸೇರೋಣ. ಈ ಸಲ ದೆಹಲಿಯ ಅಪ್ಪು ಘರ್ ನಕ್ಷೆ ಬರೆಯುತ್ತೇವೆ. 1984ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿದ ಅಮ್ಯೂಸ್‌ಮೆಂಟ್ ಪಾರ್ಕ್ ಅದು. ಹೆಸರು ಬಂದಿದ್ದು 1982ರ ಏಷ್ಯನ್ ಗೇಮ್ಸ್‌ನ ಲಾಂಛನವಾಗಿದ್ದ ಆನೆಮರಿ ಅಪ್ಪುವಿನಿಂದ. ಹಳೇ ಫೋಟೊ, ಟಿಕೆಟ್ ಇದ್ದರೆ ತನ್ನಿ. ಅಲ್ಲಿಗೆ ಹೋಗಿಬಂದ ಹಿರಿಯರಿದ್ದರೆ ಅವರನ್ನೂ ಕರೆತನ್ನಿ. ಫೋಟೊದಲ್ಲಿ ಸುಮ್ನೆ ಆಟಗಳನ್ನಷ್ಟೇ ನೋಡಬೇಡಿ. ಅಂಚಿನಲ್ಲಿ ಕಾಣುವ ಬೇಲಿ, ಟಿಕೆಟ್ ಕಿಟಕಿ, ಕ್ಯೂ ತಿರುಗುವ ಜಾಗ, ಇವೇ ನಕ್ಷೆ ಕೂಡಿಸಲು ಜಾಸ್ತಿ ಸಹಾಯ ಮಾಡುತ್ತವೆ.

ಮಕ್ಕಳಿಗೆ ರಟ್ಟಿನ ಜೈಂಟ್ ವೀಲ್ ಮಾಡಿಸೋಣ. 1893ರಲ್ಲಿ ಶಿಕಾಗೋದಲ್ಲಿ ನಿಂತ ಫೆರಿಸ್ ಚಕ್ರ ಅನ್ನೋ ಜೈಂಟ್ ವೀಲ್‌ಗೆ ಜನ ಕೂರುವ 36 ಡಬ್ಬಿಗಳಿದ್ದವು. ನಮ್ಮದಕ್ಕೆ 12 ಸಾಕು.

ಸಿದ್ಧಗಂಗೆ ಜಾತ್ರೆಯ ಜೈಂಟ್ ವೀಲ್ ಫೋಟೊ ಇದ್ದರೆ ಇಲ್ಲಿ ಹಾಕಿ. ಅದೂ ಇತಿಹಾಸವೇ ಅಲ್ವಾ! ಬರುವವರು ಶನಿವಾರದೊಳಗೆ ತಿಳಿಸಿ.